ಬಂದು ಹೋದ ಮೇಲೂ ಸೂಜಿ ಬೇಕಾ?

2021ರ ಆಗಸ್ಟ್ ಕೊನೆ. ನಮ್ಮ ಬಡಾವಣೆಯ ಶಾಲೆಯಲ್ಲಿ ಲಸಿಕೆ ಹಾಕುತ್ತಿದ್ದರು. ಬೆಳಗ್ಗೆ ಏಳಕ್ಕೇ ಸಾಲು ಗೇಟು ದಾಟಿತ್ತು. ನನ್ನ ಮುಂದೆ ನಮ್ಮ ಬೀದಿಯ ದಿನಸಿ ಅಂಗಡಿಯವರು ನಿಂತಿದ್ದರು. ಏಪ್ರಿಲ್ ಕೊನೆಯಲ್ಲಿ ಅವರಿಗೂ ಅವರ ಅಣ್ಣನಿಗೂ ಒಂದೇ ವಾರದಲ್ಲಿ ಕೋವಿಡ್ ಬಂದಿತ್ತು. ಇವರು ಹನ್ನೆರಡು ದಿನ ಮನೆಯಲ್ಲೇ ಮಲಗಿ ಎದ್ದರು. ಅಣ್ಣ ಏಳಲಿಲ್ಲ.

"ನನಗೆ ಬಂದು ಹೋಗಿದೆಯಲ್ಲ ಸಿಸ್ಟರ್. ಮೈಯಲ್ಲೇ ಶಕ್ತಿ ಬಂದಿರುತ್ತೆ ಅಂತಾರೆ. ಮತ್ತೆ ಸೂಜಿ ಯಾಕೆ?" ಅಂತ ಅವರು ನರ್ಸ್ ಹತ್ತಿರ ಕೇಳಿದರು. ಸಾಲಿನಲ್ಲಿ ಯಾರೋ ನಕ್ಕರು. ನರ್ಸ್‌ಗೆ ಪುರುಸೊತ್ತಿರಲಿಲ್ಲ. "ಹುಷಾರಾಗಿ ಮೂರು ತಿಂಗಳಾಯ್ತಾ?" ಎಂದಷ್ಟೇ ಕೇಳಿ ತೋಳಿಗೆ ಕೋವಿಶೀಲ್ಡ್ ಚುಚ್ಚಿ ಕಳಿಸಿದರು.

ನಗುವಂಥ ಪ್ರಶ್ನೆ ಅಲ್ಲ ಅದು. ಆ ಹೊತ್ತಿಗೆ ಜಗತ್ತಿನ ದೊಡ್ಡ ದೊಡ್ಡ ಸಂಶೋಧಕರು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯೇ ಅದು. ಎರಡು ವಾರ ಕಳೆದ ಮೇಲೆ ಅವರೇ ನನಗೊಂದು ವಾಟ್ಸಾಪ್ ಸಂದೇಶ ತೋರಿಸಿದರು. ಕೋವಿಡ್ ಬಂದು ಹೋದವರಿಗಿಂತ ಲಸಿಕೆ ಹಾಕಿಸಿಕೊಂಡವರಿಗೆ ಸೋಂಕು ತಗಲುವ ಸಾಧ್ಯತೆ 13 ಪಟ್ಟು ಜಾಸ್ತಿ ಅಂತ ಅದರಲ್ಲಿತ್ತು. "ಸುಳ್ಳಾ ಸಾರ್ ಇದು?" ಅಂದರು. ಸುಳ್ಳಲ್ಲ. ಆದರೆ ಅಷ್ಟನ್ನೇ ಹೇಳಿದರೆ ನಿಜವೂ ಆಗುವುದಿಲ್ಲ. ಆವತ್ತು ಅಂಗಡಿಯ ಕಟ್ಟೆ ಮೇಲೆ ನಿಂತು ನನಗೆ ಸರಿಯಾಗಿ ಬಿಡಿಸಿ ಹೇಳಲು ಬರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಒಮ್ಮೆ ಬಂದ ಕಾಯಿಲೆ ಮತ್ತೆ ಬರಲ್ಲ ಅನ್ನೋದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತು. ಮನೆಯಲ್ಲಿ ಮಗುವಿಗೆ 'ಅಮ್ಮ' ಆದರೆ, ಹಿಂದೆ ಅಮ್ಮ ಆಗಿ ಹೋದವರೇ ಹತ್ತಿರ ಕೂತು ಬೇವಿನ ಸೊಪ್ಪು ಸವರುತ್ತಿದ್ದರು. ಇದನ್ನು ಲೆಕ್ಕ ಹಾಕಿ ಬರೆದಿಟ್ಟವನು ಡೆನ್ಮಾರ್ಕಿನ ವೈದ್ಯ ಪೀಟರ್ ಪಾನಮ್. 1846ರಲ್ಲಿ ಫೆರೋ ದ್ವೀಪಗಳಿಗೆ ದಡಾರ ನುಗ್ಗಿತು. ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಅಲ್ಲಿ ಅದಕ್ಕೆ ಮುಂಚೆ ದಡಾರ ಬಂದಿದ್ದು 1781ರಲ್ಲಿ. ಆಗ ಚಿಕ್ಕವರಿದ್ದಾಗ ದಡಾರ ಆಗಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ತಗಲಲಿಲ್ಲ ಎಂದು ಪಾನಮ್ ಬರೆದ. 65 ವರ್ಷ ಕಳೆದರೂ ದೇಹ ಮರೆತಿರಲಿಲ್ಲ!

ಆದರೆ ಎಲ್ಲ ವೈರಸ್ಸೂ ದಡಾರದ ಹಾಗಲ್ಲ. ಡೆಂಗಿಯಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ತಗಲಿದರೆ ಎರಡನೇ ಸಲವೇ ಜಾಸ್ತಿ ಅಪಾಯ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಬಂದು ಹೋದರೂ ಎಷ್ಟೋ ಜನರ ರಕ್ತದಲ್ಲಿ ಅದರ ಗುರುತೇ ಉಳಿಯುವುದಿಲ್ಲ. ಅಲ್ಲಿ ಸೋಂಕಿಗಿಂತ ಲಸಿಕೆಯೇ ಎಷ್ಟೋ ಪಾಲು ಬಲವಾದ ರಕ್ಷಣೆ ಕೊಡುತ್ತದೆ. ಇನ್ನು ಮಾಮೂಲಿ ನೆಗಡಿ ತರುವ ಕೊರೊನಾ ವೈರಸ್‌ಗಳು ಒಂದು ವರ್ಷ ಕಳೆದರೆ ಅದೇ ಮನುಷ್ಯನಿಗೆ ಮತ್ತೆ ತಗಲುತ್ತವೆ. ಹಾಗಾಗಿ 'ನೈಸರ್ಗಿಕ ರೋಗನಿರೋಧಕ ಶಕ್ತಿ ಮೇಲೋ, ಲಸಿಕೆ ಮೇಲೋ' ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ವೈರಸ್, ಯಾವ ಲಸಿಕೆ, ಬಂದು ಎಷ್ಟು ತಿಂಗಳಾಯಿತು, ತಡೆಯಬೇಕಾದ್ದು ನೆಗಡಿಯನ್ನೋ ಸಾವನ್ನೋ, ಇಷ್ಟನ್ನೂ ಕೇಳಬೇಕಾಗುತ್ತದೆ.

ಕೋವಿಡ್ ಬಂದಾಗ ವೈರಸ್ ಮೂಗಿನ ಒಳಪದರದಿಂದಲೇ ಕೆಲಸ ಶುರು ಮಾಡುತ್ತದೆ. ಅದರ ಅಂಗಾಂಗವೆಲ್ಲ ದೇಹದ ಕಾವಲಿನವರಿಗೆ ಪರಿಚಯವಾಗುತ್ತದೆ. ಕೋವಿಶೀಲ್ಡ್ ಆಗಲಿ ಅಮೆರಿಕದ ಫೈಜರ್ ಆಗಲಿ ತೋರಿಸುವುದು ವೈರಸ್ಸಿನ ಮೈಮೇಲಿನ ಮುಳ್ಳನ್ನು ಮಾತ್ರ. ಕೊವ್ಯಾಕ್ಸಿನ್ ಬೇರೆ ಥರ, ಅದರಲ್ಲಿ ಸಾಯಿಸಿದ ಇಡೀ ವೈರಸ್ ಇರುತ್ತದೆ. ಹೆಚ್ಚು ಭಾಗ ನೋಡಿದವರು ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ ಅನ್ನೋದು ಸೋಂಕಿನ ಪರವಾದ ವಾದ, ಅದರಲ್ಲಿ ಹುರುಳಿದೆ. ಲಸಿಕೆಯ ಪರವಾಗಿ ಹೇಳಬೇಕಾದ್ದು ಅಳತೆಯ ಮಾತು. ಲಸಿಕೆ ಎಲ್ಲರಿಗೂ ಒಂದೇ ಅಳತೆ, ಕೋವಿಶೀಲ್ಡ್ ಅರ್ಧ ಮಿಲಿಲೀಟರ್ ಅಂದರೆ ಅರ್ಧ ಮಿಲಿಲೀಟರ್. ಸೋಂಕಿಗೆ ಅಳತೆ ಇಲ್ಲ. ಒಬ್ಬರಿಗೆ ಗಂಟಲು ಕೆರೆತದಷ್ಟೇ ಬಂದು ಹೋಗುತ್ತದೆ, ಅವರಲ್ಲಿ ಕೆಲವರಿಗೆ ಹೇಳಿಕೊಳ್ಳುವಷ್ಟು ಪ್ರತಿಕಾಯಗಳು (ಆ್ಯಂಟಿಬಾಡಿಗಳು) ಹುಟ್ಟುವುದೇ ಇಲ್ಲ. ಇನ್ನೊಬ್ಬರ ಶ್ವಾಸಕೋಶವನ್ನೇ ಹಿಡಿಯುತ್ತದೆ.

ಇದೆಲ್ಲ ದೇಹದೊಳಗೆ ಏನಾಗಬಹುದು ಅನ್ನುವ ಊಹೆಯ ದಾರಿ. ನಿಜಕ್ಕೂ ಏನಾಯಿತು ಅಂತ ತಿಳಿಯಬೇಕಾದರೆ ಜನರನ್ನು ಎಣಿಸಬೇಕು. ವಾಟ್ಸಾಪ್‌ನಲ್ಲಿ ಬಂದ ಆ 13 ಪಟ್ಟು ಹೀಗೆ ಎಣಿಸಿ ಬಂದದ್ದು.

ಅದು ಇಸ್ರೇಲಿನ ಲೆಕ್ಕ. ಅಲ್ಲಿನ ಮಕ್ಕಾಬಿ ಎಂಬ ದೊಡ್ಡ ಆರೋಗ್ಯ ಸಂಸ್ಥೆಯ ದಾಖಲೆಗಳನ್ನು ಹಿಡಿದು ಮಾಡಿದ ಅಧ್ಯಯನ. 2021ರ ಜನವರಿ, ಫೆಬ್ರವರಿಯಲ್ಲಿ ಫೈಜರ್‌ನ ಎರಡು ಡೋಸ್ ಮುಗಿಸಿದ, ಕೋವಿಡ್ ಬಾರದ 16,215 ಜನ ಒಂದು ಕಡೆ. ಅದೇ ಎರಡು ತಿಂಗಳಲ್ಲಿ ಕೋವಿಡ್ ಬಂದು ಹೋದ, ಲಸಿಕೆ ಪಡೆಯದ 16,215 ಜನ ಇನ್ನೊಂದು ಕಡೆ. ವಯಸ್ಸು, ಗಂಡು-ಹೆಣ್ಣು, ವಾಸದ ಪ್ರದೇಶ ನೋಡಿ ಇವರಿಗೆ ಅವರನ್ನು ಜೋಡಿ ಮಾಡಿದ್ದರು. ಜೂನ್ 1ರಿಂದ ಆಗಸ್ಟ್ 14ರವರೆಗೆ, ವೈರಸ್ಸಿನ ಡೆಲ್ಟಾ ರೂಪಾಂತರ ಹರಡುತ್ತಿದ್ದ ಹೊತ್ತಿನಲ್ಲಿ, ಯಾರಿಗೆ ಪಾಸಿಟಿವ್ ಬಂತು ಎಂದು ನೋಡಿದರು. ಲಸಿಕೆಯ ಗುಂಪಿನಲ್ಲಿ 238. ಬಂದು ಹೋದವರ ಗುಂಪಿನಲ್ಲಿ 19. ಇದರಿಂದ ಬಂದದ್ದು 13 ಪಟ್ಟು.

ಈ ಅಂಕಿಯ ಹತ್ತಿರ ಸ್ವಲ್ಪ ಹೊತ್ತು ಕೂರೋಣ. 16,215ರಲ್ಲಿ 238 ಅಂದರೆ ಸಾವಿರಕ್ಕೆ ಸುಮಾರು 15. 19 ಅಂದರೆ ಸಾವಿರಕ್ಕೆ ಒಬ್ಬರು. ಪಟ್ಟಿನ ಲೆಕ್ಕದಲ್ಲಿ ಆಕಾಶ ಭೂಮಿ ಅಂತರ. ತಲೆ ಎಣಿಸಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಜನರಿಗೆ ಆ ಎರಡೂವರೆ ತಿಂಗಳಲ್ಲಿ ಏನೂ ಆಗಲಿಲ್ಲ. ಆಸ್ಪತ್ರೆ ಸೇರಿದವರು ಲಸಿಕೆಯ ಗುಂಪಿನಲ್ಲಿ 8, ಬಂದು ಹೋದವರಲ್ಲಿ 1. ಕೋವಿಡ್‌ನಿಂದ ಸತ್ತವರು ಎರಡೂ ಕಡೆ ಯಾರೂ ಇಲ್ಲ.

ಇದಕ್ಕೆ ಒಂದು ಆಕ್ಷೇಪ ಬಂತು. ಬಂದು ಹೋದವರು 'ನನಗೇನಾಗುತ್ತೆ' ಅಂತ ಟೆಸ್ಟ್ ಮಾಡಿಸಲು ಹೋಗಿರಲಿಕ್ಕಿಲ್ಲ, ಅದಕ್ಕೇ ಕಡಿಮೆ ಕಂಡಿರಬಹುದು ಅಂತ. ಇರಬಹುದು. ಆದರೆ ಜ್ವರ, ಕೆಮ್ಮು ಇದ್ದವರನ್ನಷ್ಟೇ ಎಣಿಸಿದಾಗಲೂ 191ಕ್ಕೆ 8 ಇತ್ತು. ಇಷ್ಟು ದೊಡ್ಡ ಅಂತರ ಬರೀ ಟೆಸ್ಟ್ ಮಾಡಿಸದ ಸೋಮಾರಿತನದಿಂದ ಬರುವುದಿಲ್ಲ ಅಂತ ನನಗನ್ನಿಸುತ್ತದೆ. ಆಗ ಕೋವಿಡ್ ಬಂದು ಹೋದವರಿಗೆ ಡೆಲ್ಟಾ ವಿರುದ್ಧ ಗಟ್ಟಿ ರಕ್ಷಣೆ ಇತ್ತು. ಅದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತನ. ಆ ದಿನಗಳಲ್ಲಿ ಎಷ್ಟೋ ಜನ ಒಪ್ಪಲು ಹಿಂಜರಿದರು. ಒಪ್ಪಿದರೆ ಜನ ಲಸಿಕೆಗೆ ಬರಲ್ಲ ಅನ್ನುವ ಭಯ. ಆ ಹಿಂಜರಿಕೆಯಿಂದ ನಂಬಿಕೆ ಕೆಟ್ಟದ್ದೇ ಬಂತು.

ವಾಟ್ಸಾಪ್ ಸಂದೇಶದಲ್ಲಿ ಕಾಣದ ಇನ್ನೊಂದು ಲೆಕ್ಕ ಅದೇ ಅಧ್ಯಯನದಲ್ಲಿದೆ. ಜನವರಿ, ಫೆಬ್ರವರಿ ಎಂಬ ಕಟ್ಟು ತೆಗೆದು, ಅದಕ್ಕೂ ಎಷ್ಟೋ ಹಿಂದೆ ಕೋವಿಡ್ ಬಂದವರನ್ನೂ ಸೇರಿಸಿದಾಗ 13 ಪಟ್ಟು ಇಳಿದು ಸುಮಾರು 6 ಪಟ್ಟಾಯಿತು. ಅಂದರೆ ಸೋಂಕಿನಿಂದ ಬಂದ ಶಕ್ತಿಯೂ ಹಳೆಯದಾದಂತೆ ಸವೆಯುತ್ತದೆ.

ಎರಡು ತಿಂಗಳಿಗೇ ಅಮೆರಿಕದಿಂದ ಪೂರಾ ಉಲ್ಟಾ ಸುದ್ದಿ ಬಂತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, 9 ರಾಜ್ಯಗಳ 187 ಆಸ್ಪತ್ರೆಗಳ ಲೆಕ್ಕ ತೆಗೆಯಿತು. ಕೋವಿಡ್‌ನಂಥ ಲಕ್ಷಣ ಇಟ್ಟುಕೊಂಡು ದಾಖಲಾದವರಲ್ಲಿ ಎರಡೂ ಡೋಸ್ ಪಡೆದವರು 6,328. ಅವರಲ್ಲಿ ಪಾಸಿಟಿವ್ 324, ನೂರಕ್ಕೆ 5.1. ಲಸಿಕೆ ಇಲ್ಲದೆ ಹಿಂದೆ ಕೋವಿಡ್ ಬಂದಿದ್ದವರು 1,020. ಅವರಲ್ಲಿ ಪಾಸಿಟಿವ್ 89, ನೂರಕ್ಕೆ 8.7. ವಯಸ್ಸು, ಊರು, ತಿಂಗಳು ಎಲ್ಲವನ್ನೂ ಸರಿದೂಗಿಸಿದ ಮೇಲೆ ಬಂದು ಹೋದವರಿಗೇ ಅಪಾಯ 5.49 ಪಟ್ಟು ಜಾಸ್ತಿ ಎಂದು ಬರೆದರು. ಈಗ ಲಸಿಕೆಯ ಪರ ಇದ್ದವರ ವಾಟ್ಸಾಪ್ ಸರದಿ.

ಯಾವುದನ್ನು ನಂಬೋದು? ನಾನು ಮೊದಲು ಗಮನಿಸಿದ್ದು 5.1 ಮತ್ತು 8.7ನ್ನು. ಅಲ್ಲಿರುವ ಅಂತರ ಎರಡು ಪಟ್ಟೂ ಇಲ್ಲ. ಅದು ಐದೂವರೆ ಆದದ್ದು ಸರಿದೂಗಿಸಿದ ಮೇಲೆ. ಸರಿದೂಗಿಸುವುದು ತಪ್ಪಲ್ಲ, ಬೇಕಾದ ಕೆಲಸವೇ. ಆದರೆ ಫಲಿತಾಂಶದ ದೊಡ್ಡ ಪಾಲು ಸರಿದೂಗಿಸುವುದರಿಂದಲೇ ಬಂದಿದ್ದರೆ ಓದುವವರು ಎಚ್ಚರವಾಗಿರಬೇಕು. ಎರಡನೆಯದು ಇನ್ನೂ ಮುಖ್ಯ. ಇಸ್ರೇಲಿನವರು ಊರ ಜನರನ್ನು ತೆಗೆದುಕೊಂಡು ಯಾರಿಗೆ ಕಾಯಿಲೆ ಬಂತು ಅಂತ ಕಾದು ನೋಡಿದರು. ಇವರು ಆಗಲೇ ಆಸ್ಪತ್ರೆಯ ಹಾಸಿಗೆ ಮೇಲೆ ಇರುವವರಿಂದ ಎಣಿಕೆ ಶುರು ಮಾಡಿದರು. ಲಸಿಕೆ ಪಡೆದವರಲ್ಲಿ ವಯಸ್ಸಾದವರು ಹೆಚ್ಚು. ಅವರು ನ್ಯುಮೋನಿಯಾ, ಉಬ್ಬಸ, ಹೃದಯದ ತೊಂದರೆ ಅಂತ ಕೋವಿಡ್ ಅಲ್ಲದ ಕಾರಣಕ್ಕೂ ಆಸ್ಪತ್ರೆಗೆ ಬರುತ್ತಿರುತ್ತಾರೆ. ನೆಗೆಟಿವ್ ಜನ ಜಾಸ್ತಿಯಾದಷ್ಟೂ ಪಾಸಿಟಿವ್‌ನ ಪಾಲು ಸಣ್ಣದಾಗಿ ಕಾಣುತ್ತದೆ. ಬಂದು ಹೋದವರಲ್ಲಿ ಒಟ್ಟು ಎಷ್ಟು ಜನ ಆಸ್ಪತ್ರೆಗೆ ಹೋಗಬೇಕಾಯಿತು ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅಂಗಡಿಯವರಿಗೆ ಬೇಕಿದ್ದ ಉತ್ತರ ಅದು.

ನನ್ನ ಮಟ್ಟಿಗೆ ಗಂಟು ಬಿಡಿಸಿದ್ದು ಮೂರನೆಯ ಲೆಕ್ಕ. 2022ರ ಜನವರಿಯಲ್ಲಿ ಅದೇ ಸಿಡಿಸಿ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳ ಅಂಕಿಗಳನ್ನು ಪ್ರಕಟಿಸಿತು. 2021ರ ಮೇ ಕೊನೆಯಿಂದ ನವೆಂಬರ್‌ವರೆಗೆ ವಾರವಾರದ ಲೆಕ್ಕ. ಶುರುವಿನ ವಾರಗಳಲ್ಲಿ, ಡೆಲ್ಟಾ ಪೂರ್ತಿ ಆವರಿಸುವ ಮುಂಚೆ, ಲಸಿಕೆ ಪಡೆದವರಿಗೇ ಸೋಂಕು ಕಡಿಮೆ. ಅಕ್ಟೋಬರ್ ಹೊತ್ತಿಗೆ ತಿರುಗುಮುರುಗು. ಅಕ್ಟೋಬರ್ ಮೊದಲ ವಾರ ಕ್ಯಾಲಿಫೋರ್ನಿಯಾದಲ್ಲಿ, ಲಸಿಕೆಯೂ ಇಲ್ಲದ ಸೋಂಕೂ ಬಾರದ ಜನರಿಗೆ ಹೋಲಿಸಿದರೆ, ಬರೀ ಲಸಿಕೆ ಪಡೆದವರಲ್ಲಿ ಸೋಂಕು 6.2 ಪಟ್ಟು ಕಡಿಮೆ ಇತ್ತು. ಬರೀ ಬಂದು ಹೋದವರಲ್ಲಿ 29 ಪಟ್ಟು ಕಡಿಮೆ. ಎರಡೂ ಆದವರಲ್ಲಿ 32.5 ಪಟ್ಟು ಕಡಿಮೆ.

ಅದೇ ಊರು, ಅದೇ ಜನ, ಅದೇ ಲಸಿಕೆ. ನಾಲ್ಕು ತಿಂಗಳಲ್ಲಿ ತಕ್ಕಡಿ ವಾಲಿತು. ವೈರಸ್ ಬದಲಾಯಿತು, ಲಸಿಕೆ ಹಾಕಿಸಿ ತಿಂಗಳುಗಳು ಕಳೆದಿದ್ದವು. ಸಿಡಿಸಿಯ ಮೊದಲ ಲೆಕ್ಕಕ್ಕೆ ಜನವರಿಯಿಂದ ಆಗಸ್ಟ್‌ವರೆಗಿನ ಎಲ್ಲ ತಿಂಗಳುಗಳೂ ಸೇರಿದ್ದವು. ಇಸ್ರೇಲಿನವರು ಲಸಿಕೆ ಹಾಕಿಸಿ ಐದಾರು ತಿಂಗಳಾದವರನ್ನು ಡೆಲ್ಟಾ ಹೊತ್ತಿನಲ್ಲಿ ನೋಡಿದರು. ಒಂದೇ ಬೆಟ್ಟಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಕಡೆಯಿಂದ ಬೆಳಕು ಬಿದ್ದ ಹಾಗೆ.

ಇಷ್ಟಾದ ಮೇಲೆ 'ಸರಿ ಹಾಗಾದರೆ, ಸೋಂಕೇ ಮೇಲು' ಅನ್ನಬಹುದಲ್ವಾ? ಇಲ್ಲಿಯೇ ಆ ಅಣ್ಣ ನೆನಪಾಗುವುದು.

ಇಸ್ರೇಲಿನ ಪಟ್ಟಿಯಲ್ಲಿ 'ಬಂದು ಹೋದವರು' ಅಂತ ಇರುವ 16,215 ಜನರೂ 2021ರ ಜೂನ್ 1ರಂದು ಬದುಕಿದ್ದವರು. ಆ ಗುಂಪಿಗೆ ಸೇರಬೇಕಾದರೆ ಮೊದಲ ಸೋಂಕನ್ನು ಗೆದ್ದಿರಬೇಕು. ಸೋತವರಿಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಲಸಿಕೆಯ ಗುಂಪಿಗೆ ಹೀಗೊಂದು ಜರಡಿ ಇರಲಿಲ್ಲ. ಸೂಜಿ ಹಾಕಿಸಿಕೊಂಡವರು ಹೆಚ್ಚುಕಡಿಮೆ ಎಲ್ಲರೂ ಎದ್ದು ಮನೆಗೆ ಹೋಗಿದ್ದರು. ಇದು ಆ ಸಂಶೋಧಕರ ತಪ್ಪಲ್ಲ. ಅವರು ಕೇಳಿಕೊಂಡ ಪ್ರಶ್ನೆ 'ಈಗ ಯಾರ ರಕ್ಷಣೆ ಗಟ್ಟಿ' ಎಂಬುದು ಮಾತ್ರ. 'ಆ ರಕ್ಷಣೆ ಗಳಿಸಲು ಏನು ಬೆಲೆ ಕೊಟ್ಟರು' ಅನ್ನೋದು ಬೇರೆ ಪ್ರಶ್ನೆ. ಎರಡನ್ನೂ ಒಂದೇ ಮಾಡಿದ್ದು ನಾವು.

ಆ ಬೆಲೆ ಎಷ್ಟು? 2020 ಮತ್ತು 2021, ಈ ಎರಡು ವರ್ಷದಲ್ಲಿ ಜಗತ್ತಿನಲ್ಲಿ ಎಂದಿಗಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳು 1.49 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಅದರಲ್ಲಿ ಭಾರತದ ಪಾಲು 47 ಲಕ್ಷ ಎಂದಿತು. ಈ ಅಂದಾಜಿನ ವಿಧಾನವನ್ನೇ ಭಾರತ ಸರ್ಕಾರ ಒಪ್ಪಲಿಲ್ಲ. ಆ ಹೊತ್ತಿಗೆ ಸರ್ಕಾರದ ಅಧಿಕೃತ ಲೆಕ್ಕ ಸುಮಾರು 4.8 ಲಕ್ಷ. ಯಾವ ಅಂಕಿ ತೆಗೆದುಕೊಂಡರೂ ಅದು ಸಣ್ಣ ಬೆಲೆ ಅಲ್ಲ.

ಈ ಬೆಲೆಯ ಮಾತು ನಮ್ಮ ಮೈಸೂರಿಗೆ 200 ವರ್ಷದ ಹಿಂದೆಯೇ ಗೊತ್ತಿತ್ತು. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಕಲಾವಿದ ಬರೆದ ಒಂದು ಚಿತ್ರವಿದೆ. ಮೂವರು ಹೆಂಗಸರು, ಮೈತುಂಬ ಒಡವೆ. ಬಹಳ ಕಾಲ ಅವರನ್ನು ನರ್ತಕಿಯರು ಅಂದುಕೊಂಡಿದ್ದರು. ಅವರು ಮೈಸೂರು ಅರಮನೆಯ ರಾಣಿಯರು ಎಂದು ಗುರುತಿಸಿದವರು ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಬಲಗಡೆ ಇರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ. ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ, ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆ ಹಾಕಿದ ಜಾಗವದು. ಎಡಗಡೆಯವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯ ಗುರುತು ಅನ್ನುತ್ತಾರೆ ಚಾನ್ಸೆಲರ್. ಸಿಡುಬಿನ ಹಕ್ಕಳೆ ಪುಡಿ ಮಾಡಿ ಮೂಗಿಗೆ ಊದಿ, ಬೇಕೆಂದೇ ಸಣ್ಣದಾಗಿ ಸಿಡುಬು ತರಿಸುವುದು ಆ ಪದ್ಧತಿ.

ಇಬ್ಬರಿಗೂ ಸಿಡುಬಿನಿಂದ ರಕ್ಷಣೆ ಸಿಕ್ಕಿರುತ್ತದೆ. ತಾನಾಗಿ ಬಂದ ಸಿಡುಬಿನಲ್ಲಿ 10 ಜನರಲ್ಲಿ ಇಬ್ಬರು ಮೂವರು ಸಾಯುತ್ತಿದ್ದರು. ಬೇಕೆಂದು ತರಿಸಿಕೊಂಡದ್ದರಲ್ಲಿ 100ಕ್ಕೆ ಒಬ್ಬರೋ ಇಬ್ಬರೋ. ಹೊಸ ಲಸಿಕೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಹಳೆಯ ಪದ್ಧತಿಯ ರಕ್ಷಣೆ ಕಳಪೆ ಅಂತ ಜನ ಅದನ್ನು ಬಿಡಲಿಲ್ಲ. ಅದೇ ರಕ್ಷಣೆ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಬಿಟ್ಟರು.

ದಡಾರದಲ್ಲೂ ಹೀಗೆಯೇ. ಬಂದು ಹೋದರೆ ಜೀವಮಾನದ ರಕ್ಷಣೆ, ಸರಿ. ಆದರೆ ನೆದರ್ಲೆಂಡ್ಸಿನ ಲಸಿಕೆ ಪಡೆಯದ ಮಕ್ಕಳ ರಕ್ತ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೊಂದು ಸಂಗತಿ ಕಂಡಿತು. ದಡಾರ ಬಂದು ಹೋದ ಮೇಲೆ, ಬೇರೆ ರೋಗಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳ ಪೈಕಿ 11ರಿಂದ 73 ಶೇಕಡಾವರೆಗೆ ಅಳಿಸಿಹೋಗಿದ್ದವು. ಒಂದು ಪಾಠ ಕಲಿಸಿ ಉಳಿದ ಪಾಠಗಳ ಪುಟ ಹರಿದು ಹೋಗುತ್ತದೆ ಆ ವೈರಸ್. ಲಸಿಕೆ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ.

ಹಾಗಾಗಿ 2021ರ ಮೊದಲಿಗೆ ಕೋವಿಡ್ಡೇ ಬಾರದವರು, ಅದರಲ್ಲೂ ವಯಸ್ಸಾದವರು, 'ಬಂದು ಹೋಗಲಿ ಬಿಡು' ಅಂದುಕೊಳ್ಳಲು ಯಾವ ಅಧ್ಯಯನವೂ ಆಧಾರವಾಗುತ್ತಿರಲಿಲ್ಲ. ಇಸ್ರೇಲಿನದೂ ಅಷ್ಟೇ. ಆದರೆ ನಮ್ಮ ಅಂಗಡಿಯವರ ವಿಷಯ ಬೇರೆ. ಅವರು ಆ ಬೆಲೆಯನ್ನು ಆಗಲೇ ಕೊಟ್ಟಾಗಿತ್ತು. ಅವರಿಗೆ ಬೇಕಿದ್ದದ್ದು, ಇದರ ಮೇಲೆ ಒಂದು ಡೋಸ್ ಹಾಕಿಸಿದರೆ ಏನು ಲಾಭ ಅನ್ನುವ ಲೆಕ್ಕ.

ಅದೂ ಇಸ್ರೇಲಿನ ಅದೇ ಅಧ್ಯಯನದಲ್ಲಿದೆ. ಬಂದು ಹೋದವರು 14,029 ಜನ, ಬಂದು ಹೋದ ಮೇಲೆ ಒಂದು ಡೋಸ್ ಪಡೆದವರು 14,029 ಜನ. ಮರುಸೋಂಕು ಮೊದಲ ಗುಂಪಿನಲ್ಲಿ 37, ಎರಡನೆಯದರಲ್ಲಿ 20. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಮೆರಿಕದ ಕೆಂಟಕಿಯಲ್ಲೂ, ಕೋವಿಡ್ ಬಂದಿದ್ದು ಲಸಿಕೆ ಪಡೆಯದವರಿಗೆ ಮರುಸೋಂಕಿನ ಸಾಧ್ಯತೆ ಲಸಿಕೆ ಪಡೆದವರಿಗಿಂತ 2.34 ಪಟ್ಟು ಎಂದು ಕಂಡಿತ್ತು. ಲಾಭ ಇದೆ. ಆದರೆ 14,029ರಲ್ಲಿ 17 ಜನರ ಲಾಭ, ಮೊದಲ ಡೋಸೂ ಇಲ್ಲದ, ಸೋಂಕೂ ಬಾರದ ಅಜ್ಜನಿಗೆ ಸಿಗುವ ಲಾಭದಷ್ಟು ದೊಡ್ಡದಲ್ಲ. ಡೋಸ್‌ಗಳ ಕೊರತೆ ಇದ್ದ ದಿನಗಳಲ್ಲಿ, ಹುಷಾರಾದವರು ಮೂರು ತಿಂಗಳು ಕಾಯಲಿ ಎಂದು ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ಹೇಳಿದ್ದು ಈ ಲೆಕ್ಕಕ್ಕೆ ಹೊಂದುತ್ತದೆ. ಯುರೋಪಿನ ದೇಶಗಳ ಕೋವಿಡ್ ಪ್ರಮಾಣಪತ್ರದಲ್ಲಿ ಗುಣವಾದವರಿಗೂ 180 ದಿನದ ಮಾನ್ಯತೆ ಇತ್ತು. ಅಮೆರಿಕ ದೊಡ್ಡ ಕಂಪನಿಗಳಿಗೆ ತರಲು ಹೊರಟ ಲಸಿಕೆ ನಿಯಮದಲ್ಲಿ ಹಳೆಯ ಸೋಂಕಿಗೆ ಬೆಲೆಯೇ ಇರಲಿಲ್ಲ. ಇದು ಜನರ ಕಣ್ಣಿಗೆ ಬಿತ್ತು. ಲಸಿಕೆಗೂ ಅದರದೇ ಅಪಾಯಗಳಿದ್ದವು. ಕೋವಿಶೀಲ್ಡ್‌ನಲ್ಲಿ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದು. ಫೈಜರ್, ಮಾಡರ್ನಾದಲ್ಲಿ, ಅದರಲ್ಲೂ ಎರಡನೇ ಡೋಸ್ ಆದ ಹುಡುಗರಲ್ಲಿ, ಅಪರೂಪಕ್ಕೆ ಹೃದಯದ ಸ್ನಾಯುವಿನ ಉರಿಯೂತ. ಕೋವಿಡ್ ಬಂದು ಹೋದ 20 ವರ್ಷದ ಹುಡುಗ 'ನನಗೆ ಎರಡನೇ ಡೋಸ್ ಬೇಕಾ' ಅಂದರೆ ಅದು ಮೊಂಡುತನ ಅಲ್ಲ, ನ್ಯಾಯವಾದ ಪ್ರಶ್ನೆ.

2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಸಿಕ್ಕವು ಎಂದು ಸರ್ಕಾರ ಹೇಳಿತು. ವೈರಸ್ಸಿನ ಈ ಹೊಸ ರೂಪಾಂತರ ಎರಡೂ ರಕ್ಷಣೆಯನ್ನು ಒಟ್ಟಿಗೆ ತೂತು ಮಾಡಿತು. 65 ಅಧ್ಯಯನಗಳನ್ನು ಕೂಡಿಸಿ ನೋಡಿದ ಒಂದು ಲೆಕ್ಕ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಹಳೆಯ ಸೋಂಕು ಮೊದಲ ಒಮಿಕ್ರಾನ್ ಮತ್ತೆ ತಗಲದಂತೆ ತಡೆದದ್ದು ಶೇಕಡಾ 45ರಷ್ಟು. 40 ವಾರ ಕಳೆದರೆ 36. ಆದರೆ ಕಾಯಿಲೆ ಜೋರಾಗದಂತೆ ತಡೆಯುವ ಶಕ್ತಿ 40 ವಾರದ ಮೇಲೂ ಶೇಕಡಾ 88.9 ಇತ್ತು. ಎರಡು ಡೋಸ್ ಫೈಜರ್ ಅಥವಾ ಮಾಡರ್ನಾ ಕೊಡುವ ರಕ್ಷಣೆಗೆ ಇದೇನೂ ಕಡಿಮೆಯಲ್ಲ ಎಂದೇ ಅವರು ಬರೆದರು. ಇದು ಬದುಕುಳಿದವರ ಲೆಕ್ಕ ಅನ್ನುವುದನ್ನು ಮರೆಯಬಾರದು.

ನಮ್ಮ ಅಂಗಡಿಯವರು ಡಿಸೆಂಬರ್‌ನಲ್ಲಿ ಎರಡನೇ ಡೋಸ್ ಹಾಕಿಸಿಕೊಂಡರು. ಜನವರಿಯಲ್ಲಿ ಮತ್ತೆ ಪಾಸಿಟಿವ್ ಬಂತು. ಎರಡು ದಿನ ಜ್ವರ, ಗಂಟಲು ನೋವು. ಏಳು ದಿನ ಬಾಗಿಲು ಹಾಕಿ ಎಂಟನೇ ದಿನ ಅಂಗಡಿ ತೆಗೆದರು. ಕಾಪಾಡಿದ್ದು ಹಳೆಯ ಸೋಂಕೋ, ಎರಡು ಸೂಜಿಯೋ, ಒಮಿಕ್ರಾನ್‌ನ ಮೆದುತನವೋ, ಒಬ್ಬರ ಮೈ ನೋಡಿ ಹೇಳಲು ಬರುವುದಿಲ್ಲ. ನಾನು ಅದನ್ನೇ ಹೇಳಿದೆ. ಅವರು ಬೇಳೆ ತೂಗುತ್ತಾ ಕೇಳಿಸಿಕೊಂಡರು. "ಇದೆಲ್ಲ ಎರಡನೇ ಸಲದ ಲೆಕ್ಕ ಅಲ್ವಾ ಸಾರ್," ಅಂದರು. "ಅಣ್ಣಂಗೆ ಮೊದಲನೇ ಸಲಕ್ಕೇ ಬೇಕಿತ್ತು."